ಅಮೀರರ ದನಿಯ ಕಂದು ಪುಡಿ

ಸ್ಯಾಂಟಾ ಕ್ಲಾರಿಟಾದ ಪದ್ಮಾ ಅವರ ಮಗಳು ಅನಿತಾ ಬರ್ಬ್ಯಾಂಕಿನ ಒಂದು ಸ್ಟುಡಿಯೊದಲ್ಲಿ ಸೌಂಡ್ ಎಡಿಟಿಂಗ್ ಕೆಲಸಕ್ಕೆ ಸೇರಿದಾಗ ಅವಳಮ್ಮ ನನಗೆ ಫೋನ್ ಮಾಡಿ, "ನೀವು ಇಪ್ಪತ್ತು ವರ್ಷ ಅದೇ ಕೆಲಸದಲ್ಲಿ ಇದ್ದೋರು ಗಿರಿಜಾ, ಇವಳಿಗೆ ನಾಲ್ಕು ಮಾತು ಹೇಳಿಕೊಡಿ" ಎಂದಿದ್ದರು. ನಾಲ್ಕು ಮಾತಿಗೆ ನಿಲ್ಲುವವಳು ನಾನಲ್ಲ. ಬಾಯಿ ತೆರೆದರೆ ಅರ್ಧ ಬೈಗುಳವೇ ಬರುತ್ತದೆ ಎಂದು ನಮ್ಮವರು ಹೇಳುತ್ತಾರೆ. ಹಾಗಾಗಿ ಆಗ ಸುಮ್ಮನಿದ್ದೆ. ಈಗ ಹೇಳಲೇಬೇಕಾಗಿ ಬಂದಿದೆ, ಬರೆದೇ ಇಡುತ್ತೇನೆ. ಅನಿತಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಲಿ.

ಮೊದಲೇ ತಿಳಿದಿರಲಿ, ಇದು ಸಿನಿಮಾ ಲೋಕದ ಥಳಕಿನ ಕೆಲಸವಲ್ಲ. ಕಿಟಕಿಯಿಲ್ಲದ ಕೋಣೆ, ಆರಿಹೋದ ಕಾಫಿ, ಸೊಂಟನೋವು. ಮಾಡಿದ್ದು ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟಿದ್ದರೆ ಮಾತ್ರ ಎಲ್ಲರೂ ನಮ್ಮ ಕಡೆ ತಿರುಗಿ ನೋಡುತ್ತಾರೆ. ಇಷ್ಟು ವರ್ಷ ದುಡಿದು ನನಗೆ ಉಳಿದದ್ದು ಎಡಗಿವಿಯಲ್ಲಿ ಒಂದು ಸಣ್ಣ ಸಿಳ್ಳೆ. ಅದು ನಿಲ್ಲುವುದೇ ಇಲ್ಲ. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟೆ.

ನಾನು ಧಾರವಾಡದವಳು. ಮದುವೆಗೆ ಮುಂಚೆ ಅಲ್ಲಿನ ರೇಡಿಯೊ ನಿಲಯದಲ್ಲಿ ಟೇಪುಗಳನ್ನು ಜೋಡಿಸಿಡುವ, ಹರಿದದ್ದನ್ನು ಅಂಟಿಸುವ ಕೆಲಸದಲ್ಲಿದ್ದೆ. ಅರವತ್ತಾರರಲ್ಲಿ ನಮ್ಮವರಿಗೆ ಲಾಸ್ ಏಂಜಲೀಸಿನ ವಿಮಾನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಗ್ಲೆಂಡೇಲಿನಲ್ಲಿ ಮನೆ ಮಾಡಿದೆವು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಿ ಸಾಕಾಗಿ ನಾನೂ ಕೆಲಸ ಹುಡುಕಿದೆ. ಬರ್ಬ್ಯಾಂಕಿನಲ್ಲಿ ಶಾಲಾ ಮಕ್ಕಳಿಗೆ ಪಾಠದ ಚಿತ್ರಗಳನ್ನು ಮಾಡಿಕೊಡುವ ಒಂದು ಸಣ್ಣ ಕಂಪನಿಯಿತ್ತು. ಅದರ ಸೌಂಡ್ ವಿಭಾಗದ ಮುಖ್ಯಸ್ಥ ಲೆನ್ ಎಂಬ ದಪ್ಪ ಮನುಷ್ಯ. ನಾನು ಟೇಪು ಅಂಟಿಸುವುದನ್ನು ನೋಡಿ ನಾಳೆಯಿಂದಲೇ ಬಾ ಎಂದ. ಸೀರೆ ಬೇಡ, ಸೆರಗು ಮೆಷಿನ್ನಿಗೆ ಸಿಕ್ಕರೆ ಫಿಲ್ಮು ಹಾಳಾಗುತ್ತದೆ ಎಂದ. ನನಗೆ ಪೆಟ್ಟಾಗುತ್ತದೆ ಎಂದು ಅವನು ಅನ್ನಲಿಲ್ಲ. ಅಲ್ಲಿಗೇ ಅವನ ಸ್ವಭಾವ ನನಗೆ ತಿಳಿಯಿತು.

ಆಗ ಚಿತ್ರ ಒಂದು ಫಿಲ್ಮಿನ ಮೇಲೆ, ದನಿ ಇನ್ನೊಂದರ ಮೇಲೆ ಇರುತ್ತಿತ್ತು. ದನಿಯ ಫಿಲ್ಮಿಗೆ ಒಂದು ಮಗ್ಗುಲಲ್ಲಿ ಕಂದು ಬಣ್ಣದ ಲೇಪ. ಆ ಲೇಪದಲ್ಲೇ ದನಿಯಿರುವುದು. ಕೆಮ್ಮು, ಕುರ್ಚಿ ಎಳೆದ ಸದ್ದು, ಬೇಡದ್ದು ಏನೇ ಇದ್ದರೂ ಬ್ಲೇಡು ತೆಗೆದುಕೊಂಡು ಅಷ್ಟು ಜಾಗದ ಲೇಪವನ್ನು ಕೆರೆದುಬಿಡುತ್ತಿದ್ದೆವು. ಕೆರೆದಲ್ಲಿ ಫಿಲ್ಮು ಗಾಜಿನ ಹಾಗೆ ಆಚೆಯಿಂದ ಈಚೆಗೆ ಕಾಣುತ್ತಿತ್ತು. ದನಿ ಕಂದು ಪುಡಿಯಾಗಿ ಮೇಜಿನ ಮೇಲೆ ಉದುರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ನನ್ನ ಮೊದಲ ಎಡವಟ್ಟು ಮೌನದ್ದು. ಮಕ್ಕಳು ಕೈ ತೊಳೆಯುವುದರ ಬಗ್ಗೆ ಒಂದು ಚಿತ್ರ. ನರ್ಸು ಮಾತು ನಿಲ್ಲಿಸಿದ ಕಡೆಯೆಲ್ಲ ನಾನು ಏನೂ ಇಲ್ಲದ ಖಾಲಿ ಫಿಲ್ಮಿನ ತುಂಡು ಹಾಕಿದ್ದೆ. ಮಾತಿಲ್ಲ ಅಂದಮೇಲೆ ಇನ್ನೇನು ಹಾಕುವುದು? ತೆರೆಯ ಮೇಲೆ ನೋಡುವಾಗ ನರ್ಸು ಮಾತು ನಿಲ್ಲಿಸಿದೊಡನೆ ಎಲ್ಲವೂ ದಿಢೀರನೆ ಇಲ್ಲವಾಗಿಬಿಡುತ್ತಿತ್ತು. ಲೆನ್ ದೀಪ ಹಾಕಿಸಿ, "ಏನಮ್ಮಾ, ಎಲ್ಲರೂ ಸತ್ತುಹೋದರಾ?" ಎಂದು ಕೂಗಿದ. (ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ನನ್ನ ಭಾಷೆಯಲ್ಲಿ.) ಆಮೇಲೆ ಅವನೇ ಕಲಿಸಿದ. ಜನ ಸುಮ್ಮನಿದ್ದಾಗಲೂ ಕೋಣೆ ಸುಮ್ಮನಿರುವುದಿಲ್ಲ. ಗಾಳಿ, ಉಸಿರು, ದೂರದ ರಸ್ತೆ, ಎಲ್ಲ ಸೇರಿ ಒಂದೊಂದು ಜಾಗಕ್ಕೆ ಒಂದೊಂದು ಮೌನ. ಅದನ್ನೂ ರೆಕಾರ್ಡ್ ಮಾಡಿ, ಕೆರೆದ ಕಡೆಯೆಲ್ಲ ಇನ್ನೊಂದು ಫಿಲ್ಮಿನಿಂದ ಸೇರಿಸಬೇಕು. ಬದುಕಿರುವವರ ಮೌನ ಬೇರೆ, ಖಾಲಿ ಫಿಲ್ಮು ಬೇರೆ. ಲೆನ್ ನನಗೆ ಕಲಿಸಿದ ಒಳ್ಳೆಯ ಪಾಠ ಇದೊಂದೇ, ಇದನ್ನು ಮರೆಯಬೇಡ ಅನಿತಾ.

ಎರಡನೆಯ ಎಡವಟ್ಟು ಕಡಲಹಕ್ಕಿಯದು. ಮರುಭೂಮಿಯ ಪಾಠಕ್ಕೆ ಗಾಳಿಯ ಸದ್ದು ಬೇಕಿತ್ತು. ರಜೆಗೆ ಸ್ಯಾನ್ ಡಿಯಾಗೋ ಕಡೆ ಹೋದಾಗ ಕಡಲ ದಂಡೆಯಲ್ಲಿ ಒಳ್ಳೆಯ ಗಾಳಿ ರೆಕಾರ್ಡ್ ಮಾಡಿಕೊಂಡು ಬಂದೆ. ಅದರ ಹಿಂದೆ ಹಕ್ಕಿಗಳು ಕೂಗುತ್ತಿದ್ದದ್ದು ನನ್ನ ಕಿವಿಗೂ ಬೀಳಲಿಲ್ಲ, ಲೆನ್ ಕಿವಿಗೂ ಬೀಳಲಿಲ್ಲ. ಮರಳುಗಾಡಿನಲ್ಲಿ ಕಡಲಹಕ್ಕಿ ಹೇಗೆ ಬಂತು ಎಂದು ಯಾವುದೋ ಶಾಲೆಯ ಟೀಚರು ಕೇಳಿದರು. ಕಂಪನಿಯ ಯಜಮಾನರು ಲೆನ್‌ಗೆ ಎಲ್ಲರೆದುರು ಉಗಿದರು. ಅಂದಿನಿಂದ ಅವನಿಗೆ ಒಂದು ಹುಚ್ಚು ಹಿಡಿಯಿತು. ತೆರೆಯ ಮೇಲೆ ಕಾಣದ ಯಾವ ಸದ್ದೂ ಚಿತ್ರದಲ್ಲಿ ಇರಕೂಡದು. ಜೇಬಿನಲ್ಲಿ ಸದಾ ಬ್ಲೇಡು ಇಟ್ಟುಕೊಂಡೇ ಓಡಾಡುತ್ತಿದ್ದ.

ಅಮೀರರ ಚಿತ್ರ ಬಂದದ್ದು ಆ ಹುಚ್ಚಿನ ಕಾಲದಲ್ಲಿ, ಎಪ್ಪತ್ತರ ದಶಕದ ನಡುವೆ.

ಆಫ್ರಿಕಾದ ನೈಜೀರಿಯಾ ದೇಶದ ಉತ್ತರಕ್ಕೆ ಮಣ್ಣಿನ ಕೋಟೆಯ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆತನದವರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿಯ ಮುಸ್ಲಿಂ ದೊರೆಯನ್ನು ಅಮೀರ್ ಎನ್ನುತ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಅಮೀರರು ಉಳಿದುಕೊಂಡಿದ್ದರು, ನಮ್ಮಲ್ಲಿ ಸಂಸ್ಥಾನದ ರಾಜರು ಉಳಿದುಕೊಂಡ ಹಾಗೆ. ಒಬ್ಬ ಸಾಂಪ್ರದಾಯಿಕ ದೊರೆಯ ಬದುಕು ಹೇಗಿರುತ್ತದೆ ಎಂದು ಅಮೆರಿಕದ ಮಕ್ಕಳಿಗೆ ತೋರಿಸಲು ಕಂಪನಿಯವರು ಹೋಗಿ ಶೂಟಿಂಗ್ ಮಾಡಿಕೊಂಡು ಬಂದಿದ್ದರು. ಭಾಷೆ ಅರ್ಥ ಮಾಡಿಕೊಡಲು ಅಮೀರರ ಹಿರಿಯ ಮಗನನ್ನೇ ಕರೆಸಿದರು. ಇದ್ರಿಸ್ ಅಂತ ಅವನ ಹೆಸರು. ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದ ಎತ್ತರದ, ಮೆತ್ತಗೆ ಮಾತಾಡುವ ಹುಡುಗ. ಬಸ್ಸಿನಲ್ಲಿ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದ.

ಅಮೀರರ ಕತೆ ನಾನು ಅವನ ಬಾಯಿಂದಲೇ ಕೇಳಿದ್ದು. ಹಿಂದಿನ ದೊರೆ ತೀರಿಕೊಂಡಾಗ ಊರ ಹಿರಿಯರು ಬಾಗಿಲು ಹಾಕಿಕೊಂಡು ಕೂತು ಹೊಸ ಅಮೀರರನ್ನು ಆರಿಸಿದರಂತೆ. ಆ ದೊರೆಯ ಇಬ್ಬರು ಮಕ್ಕಳಲ್ಲಿ ಎಲ್ಲರೂ ಎಣಿಸಿದ್ದು ಕುದುರೆ ಸವಾರಿಯಲ್ಲಿ ಮುಂದಿದ್ದ ತಮ್ಮನನ್ನು. ಅವರು ಆರಿಸಿದ್ದು ಕೋಟೆ ಬಾಗಿಲ ಹೊರಗೆ ಮಕ್ಕಳಿಗೆ ಮರದ ಹಲಗೆಯ ಮೇಲೆ ಕುರಾನ್ ಬರೆಸುತ್ತಿದ್ದ ಅಣ್ಣನನ್ನು, ಅಂದರೆ ಇದ್ರಿಸ್‌ನ ಅಪ್ಪನನ್ನು. ಕರೆಯಲು ಹೋದವರಿಗೆ, ಈ ಹುಡುಗರ ಪಾಠ ಮುಗಿಯಲಿ ಎಂದರಂತೆ. ಆಮೇಲೆ ಅವರ ತಲೆಗೆ ಪೇಟ ಸುತ್ತಿದರು. ಆ ಪೇಟದ ಕೊನೆಯ ಸುತ್ತು ಬಾಯಿಯ ಮೇಲೆ ಬರುತ್ತದೆ. ಅಂದಿನಿಂದ ದೊರೆಯ ಬಾಯಿ ಜನರಿಗೆ ಕಾಣಬಾರದು, ದೊರೆ ಉಣ್ಣುವುದನ್ನು ಯಾರೂ ನೋಡಬಾರದು, ದೊರೆಯ ದನಿ ಸಭೆಗೆ ಕೇಳಬಾರದು. ಪಕ್ಕದಲ್ಲಿ ಬಾಗಿ ನಿಂತ ವಕ್ತಾರನಿಗೆ ಅಮೀರರು ಪಿಸುಗುಟ್ಟುತ್ತಾರೆ. ಅವನು ಅದನ್ನು ಸಭೆಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾನೆ. ಬಾಯಿ ಮುಚ್ಚಿಕೊಂಡ ಮೇಲೆಯೇ ಅವರ ಆಳ್ವಿಕೆ ಶುರುವಾಗುವುದು ಎಂದು ನಾನು ತಮಾಷೆ ಮಾಡಿದೆ. ಇದ್ರಿಸ್ ನಗಲಿಲ್ಲ.

ಪಟ್ಟಕ್ಕೆ ಬಂದಾಗ ಪೊಲೀಸು, ಜೈಲು, ಕೋರ್ಟು ಎಲ್ಲ ಅಮೀರರ ಕೈಯಲ್ಲಿತ್ತು. ಸರ್ಕಾರಗಳು ಬದಲಾದಂತೆ ಒಂದೊಂದೇ ಕೈಬಿಟ್ಟುಹೋಯಿತು. ಶೂಟಿಂಗ್ ಹೊತ್ತಿಗೆ ಅವರಿಗೆ ಉಳಿದಿದ್ದದ್ದು ಬಾವಿಯ ಜಗಳ, ಮದುವೆಯ ಜಗಳ, ಹಬ್ಬದ ಸವಾರಿ ಅಷ್ಟೆ. ಆದರೂ ಜನ ಅವರನ್ನು ಬಿಟ್ಟುಕೊಡುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಕೋಟೆಯ ಗೋಡೆ ಬಿದ್ದಾಗ ತಾವು ಹಬ್ಬಕ್ಕೆ ಏರುವ ಬಿಳಿ ಕುದುರೆಯ ಜೀನು ಬಿಚ್ಚಿಸಿ ಮಣ್ಣು ಹೊರಲು ಕಳಿಸಿದ್ದರಂತೆ. ಆ ವರ್ಷದ ಹಬ್ಬಕ್ಕೆ ಕುದುರೆಯ ಬೆನ್ನ ಮೇಲೆ ಹುಣ್ಣಿತ್ತು, ಅಮೀರರು ನಡೆದೇ ಹೋದರು. ಹಬ್ಬದ ಸವಾರಿಯಲ್ಲಿ ಒಬ್ಬ ಮುದುಕ ಮುಂದೆ ನಿಂತು ಮೊದಲ ದೊರೆಯಿಂದ ಹಿಡಿದು ಎಲ್ಲ ಅಮೀರರ ಹೆಸರು ಹೇಳಿ ಹಾಡುತ್ತಾನೆ. ಆ ಹಾಡು ನಮ್ಮ ರೀಲಿನಲ್ಲೂ ಇತ್ತು. ಕೊನೆಯಲ್ಲಿ ತಂದೆಯ ಹೆಸರು ಬಂದಾಗ ಇದ್ರಿಸ್ ಸ್ಟೂಲಿನ ಮೇಲೆ ನೆಟ್ಟಗೆ ಕೂತುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಸಭೆಯ ರೀಲು ಓಡಿಸುತ್ತಿದ್ದೆವು. ನಮ್ಮ ಸೌಂಡ್ ಹುಡುಗ ಮೈಕನ್ನು ಅಮೀರರ ಕಾಲ ಹತ್ತಿರವೇ ಇಟ್ಟಿದ್ದ. ಪಿಸುಮಾತು, ಆಮೇಲೆ ಕೂಗು. ಮತ್ತೆ ಪಿಸುಮಾತು, ಮತ್ತೆ ಕೂಗು. ಇದ್ರಿಸ್ ಒಮ್ಮೆಲೇ ನನ್ನ ಕೈ ಹಿಡಿದು, "ಹಿಂದಕ್ಕೆ ತಿರುಗಿಸಿ" ಎಂದ. ತಿರುಗಿಸಿದೆ. ಮತ್ತೆ ತಿರುಗಿಸಿ ಎಂದ. ವಕ್ತಾರ ಕೂಗಿದ್ದು, "ಅತಿಥಿಗಳಿಗೆ ಅಮೀರರು ಶುಭ ಕೋರುತ್ತಾರೆ" ಎಂದು. ಅದಕ್ಕೆ ಮುಂಚಿನ ಪಿಸುಮಾತು ಬೇರೆಯೇ ಇತ್ತು.

"ಏನಂತೆ?" ಎಂದೆ.

"ಇವರ ದೇಶದಲ್ಲಿ ಓದುತ್ತಿದ್ದಾನಲ್ಲ ಆ ಹುಡುಗ, ಅವನು ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಇವರನ್ನು ಕೇಳು, ಅಂದಿದ್ದಾರೆ. ವಕ್ತಾರ ಅದನ್ನು ಸಭೆಯಲ್ಲಿ ಹೇಗೆ ಕೂಗುತ್ತಾನೆ? ನುಂಗಿಬಿಟ್ಟಿದ್ದಾನೆ."

ನಾನು, ಮಗ ಅನ್ನುವುದು ಬಿಟ್ಟು ಆ ಹುಡುಗ ಅಂತ ಯಾಕೆ ಅಂದರು ಎಂದು ಕೇಳಿದೆ. ಅವರ ಕಡೆ ತಂದೆತಾಯಿ ಚೊಚ್ಚಲ ಮಗುವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಎದುರಿಗೆ ಮಾತಾಡಿಸುವುದಿಲ್ಲ, ಮುದ್ದು ಮಾಡುವುದಂತೂ ಇಲ್ಲವೇ ಇಲ್ಲ. ಅದು ಸಂಕೋಚದ ರೀತಿ ಎಂದ. "ಅಪ್ಪ ಬೇರೆಯವರ ಹತ್ತಿರ ಮಾತಾಡುವಾಗ ಗೋಡೆಯ ಈಚೆ ನಿಂತು ಕೇಳಿದ್ದೇ ನನಗೆ ಗೊತ್ತಿರುವ ದನಿ. ನನ್ನ ಬಗ್ಗೆ ವಿಚಾರಿಸಿದ್ದು ನನ್ನ ಕಿವಿಗೆ ಬಿದ್ದದ್ದು ಇವತ್ತೇ."

ನನಗೆ ಇದು ಅಷ್ಟು ಹೊಸದಾಗಿ ಕಾಣಲಿಲ್ಲ. ನಮ್ಮ ದೊಡ್ಡ ಮನೆಯಲ್ಲೂ ಹಿರಿಯರ ಎದುರಿಗೆ ನಮ್ಮಪ್ಪ ನನ್ನನ್ನು ಎತ್ತಿಕೊಂಡವರಲ್ಲ. ಅತ್ತರೂ ಕೇಳಿಸದವರ ಹಾಗೆ ಪೇಪರ್ ಓದುತ್ತಿದ್ದರಂತೆ.

ಲೆನ್‌ಗೆ ಇದೆಲ್ಲ ಗೊತ್ತಾಗಲಿಲ್ಲ, ಗೊತ್ತಾಗುವುದು ಬೇಕೂ ಇರಲಿಲ್ಲ. ಒಂದೇ ಮಾತಿಗೆ ಇಬ್ಬರು ಯಾಕೆ ಎಂದು ಮಕ್ಕಳು ತಬ್ಬಿಬ್ಬಾಗುತ್ತಾರೆ, ಪಿಸುಪಿಸು ಎಲ್ಲ ತೆಗೆಯಬೇಕು ಎಂದ. ಇದ್ರಿಸ್ ಮೆಲ್ಲಗೆ, "ಸರ್, ಆ ಪಿಸುಮಾತೇ ದೊರೆಯ ಮಾತು. ಇನ್ನೊಬ್ಬ ಬರೀ ಬಾಯಿ" ಎಂದ. "ದೊರೆಯ ಮುಖ ಕಾಣುತ್ತದಲ್ಲ, ಸಾಕು" ಎಂದ ಲೆನ್. ಒಂದು ಕಾಪಿಯಾದರೂ ತೆಗೆದಿಡೋಣ ಎಂದು ನಾನು ಜಗಳಕ್ಕೇ ನಿಂತೆ. ಫಿಲ್ಮು ಬಿಟ್ಟಿ ಬರುವುದಿಲ್ಲ ಎಂದ. ಅಲ್ಲಿಂದ ತಂದಿದ್ದ ಮೂಲ ಟೇಪುಗಳ ಮೇಲೆ ಆಗಲೇ ಬೇರೆ ಯಾವುದೋ ಪಾಠ ರೆಕಾರ್ಡ್ ಆಗಿತ್ತು. ಕಂಪನಿಯ ಪದ್ಧತಿಯೇ ಅದು. ಮರುದಿನ ನಾನು ಹೋಗುವಷ್ಟರಲ್ಲಿ ಲೆನ್ ತನ್ನ ಕೈಯಾರೆ ಇಡೀ ರೀಲಿನ ಪಿಸುಮಾತೆಲ್ಲ ಕೆರೆದು ಮುಗಿಸಿದ್ದ. ಆಮೇಲೆ ಇದ್ರಿಸ್ ಬಂದ, ಇನ್ನೊಂದು ಸಲ ಕೇಳಬೇಕು ಎಂದ. ನಾನು ಮೇಜು ತೋರಿಸಿದೆ. ಅವನು ಬೆರಳ ತುದಿಯಲ್ಲಿ ಆ ಕಂದು ಪುಡಿಯನ್ನು ಮುಟ್ಟಿ ನೋಡಿದ.

ಮನೆಗೆ ಬಂದವಳ ಮುಖ ನೋಡಿ ನಮ್ಮವರು, "ಏನಾತು? ಮಾರಿ ಯಾಕ ಹಿಂಗ ಮಾಡೀ?" ಎಂದರು.

"ಒಬ್ಬ ರಾಜಾ ತನ್ನ ಮಗಾ ಉಣ್ತಾನೋ ಇಲ್ಲೋ ಅಂತ ಕೇಳಿದ್ದ ರೀ. ಅದನ್ನ ಇವತ್ತ ಕೆರದು ಒಗದ್ರು."

ಅವರು, "ಹಂಗಾರ ಆ ಹುಡುಗನ್ನ ಊಟಕ್ಕ ಕರಿ" ಎಂದರು.

ಕರೆದೆ. ಊರಿಂದ ಯಾರೋ ತಂದುಕೊಟ್ಟ ಜೋಳದ ಹಿಟ್ಟಿತ್ತು. ರೊಟ್ಟಿ ಬಡಿಯುವ ವಾಸನೆಗೆ ಇದ್ರಿಸ್ ಅಡುಗೆಮನೆಗೇ ಬಂದು ನಿಂತ. ಅವರೂರಿನಲ್ಲೂ ಜೋಳವೇ ಊಟ, ಅವರು ಮುದ್ದೆ ಮಾಡುತ್ತಾರೆ. ಉಂಡು ಕೈ ತೊಳೆದು, "ಅಪ್ಪನಿಗೆ ನಾನು ನೇರವಾಗಿ ಬರೆಯುವ ಹಾಗಿಲ್ಲ. ಚಿಕ್ಕಪ್ಪನಿಗೆ ಬರೆಯುತ್ತೇನೆ, ಅವರು ಅಪ್ಪ ಕೂತಿರುವಾಗ ಗಟ್ಟಿಯಾಗಿ ಓದುತ್ತಾರೆ. ಉಣ್ಣುತ್ತಿದ್ದೇನೆ ಅಂತ ಬರೆಯುತ್ತೇನೆ" ಎಂದ. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವನ ಊಟ ನಮ್ಮ ಮನೆಯಲ್ಲಿ.

ಆ ಚಿತ್ರದ ಕೊನೆಯ ಭಾಗದಲ್ಲಿ ಇನ್ನೊಂದು ಸಭೆಯಿತ್ತು. ಅದರ ಪಿಸುಮಾತನ್ನು ಇದ್ರಿಸ್ ಕೇಳುವ ಮುಂಚೆಯೇ ಲೆನ್ ಕೆರೆದುಬಿಟ್ಟಿದ್ದ. ಸರ್ಕಾರದ ಅಧಿಕಾರಿಗಳು ಸೂಟು ಹಾಕಿಕೊಂಡು ಕೂತಿದ್ದಾರೆ. ವಕ್ತಾರ ಕೂಗುತ್ತಾನೆ: ನದಿ ಬಯಲನ್ನು ಅಣೆಕಟ್ಟಿಗೆ ಬಿಟ್ಟುಕೊಡಲು ಅಮೀರರು ಒಪ್ಪಿದ್ದಾರೆ, ಬಯಲಿನ ಜನ ತಾಳ್ಮೆಯಿಂದ ಜಾಗ ಬಿಟ್ಟು ಏಳಬೇಕು. ದೊರೆ ಪ್ರಗತಿಯನ್ನು ಸ್ವಾಗತಿಸಿದರು ಎಂದು ನಮ್ಮ ಚಿತ್ರ ಮುಗಿಯಿತು. ಶಾಲೆಗಳಿಗೆ ಹೋಯಿತು. ನಾವು ಅದನ್ನು ಮರೆತೆವು.

ಆ ಊರು ಮರೆಯಲಿಲ್ಲ. ಅಣೆಕಟ್ಟು ಬಂತು, ಬಯಲು ಮುಳುಗಿತು, ಎದ್ದುಹೋದವರಿಗೆ ಸಿಕ್ಕಿದ್ದು ಕಲ್ಲುನೆಲ. ಜನ ಅರಮನೆಯ ಬಾಗಿಲಿಗೆ ಬಂದು ಕಲ್ಲು ಹೊಡೆದರು. ಯಾವ ಬಯಲನ್ನು ಸರ್ಕಾರವೇ ತೆಗೆದುಕೊಂಡಿತ್ತೋ ಅದರ ಗಲಾಟೆಗೆ ಅಮೀರರೇ ಹೊಣೆ ಎಂದು ಸರ್ಕಾರವೇ ಅವರನ್ನು ಪಟ್ಟದಿಂದ ಇಳಿಸಿತು. ತಮ್ಮನಿಗೆ ಪೇಟ ಸುತ್ತಿದರು. ಇವರನ್ನು ದೂರದ ಒಂದು ಊರಿನಲ್ಲಿ ಎರಡು ಕೋಣೆಯ ಮನೆಯಲ್ಲಿಟ್ಟರು. ಎಂಬತ್ತರ ದಶಕದ ಮೊದಲಲ್ಲಿ ಅಲ್ಲೇ ತೀರಿಕೊಂಡರು. ಆ ಹೊತ್ತಿಗೆ ಇದ್ರಿಸ್ ಸ್ಯಾನ್ ಡಿಯಾಗೋದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಸುದ್ದಿ ತಲುಪುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಅದಾದ ಮೇಲೆ ಒಂದು ಭಾನುವಾರ ಬಂದವನು ರೊಟ್ಟಿ ಮುರಿಯದೆ ಕೂತಿದ್ದ. "ಮಿಸೆಸ್ ದೇಸಾಯಿ, ಹಬ್ಬದ ಹಾಡಿನಲ್ಲಿ ಈಗ ಅಪ್ಪನ ಹೆಸರಿಲ್ಲವಂತೆ" ಎಂದ. "ಅಜ್ಜನ ಹೆಸರು ಹೇಳಿ, ಒಂದು ಉಸಿರು ಎಳೆದು, ಚಿಕ್ಕಪ್ಪನ ಹೆಸರಿಗೆ ಹೋಗುತ್ತಾನಂತೆ. ಬಯಲು ಕೊಟ್ಟವನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಎಂದಿದ್ದಾನೆ ಹಾಡುವ ಮುದುಕ. ಹಾಡಿನಲ್ಲಿ ಹೆಸರಿಲ್ಲದ ದೊರೆ ನಮ್ಮಲ್ಲಿ ಹುಟ್ಟೇ ಇಲ್ಲ."

ಆ ಮುದುಕ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದ. ಅಮೀರರು ಆ ಮಾತು ಆಡಿಲ್ಲ, ವಕ್ತಾರ ಅಧಿಕಾರಿಗಳ ಮಾತನ್ನು ಅವರ ಬಾಯಿಗೆ ಹಾಕಿದ ಅನ್ನುವುದಾದರೆ, ಅವರು ಆಡಿದ್ದೇನು ಅಂತ ನನ್ನ ಕಿವಿಗೆ ಕೇಳಿಸಿ, ಹೆಸರು ಸೇರಿಸುತ್ತೇನೆ. "ವಕ್ತಾರ ಬೇರೆ ಮಾತು ಕೂಗಬಲ್ಲ ಅಂತ ನಾನೇ ನಿಮ್ಮ ಮೆಷಿನ್ನಿನಲ್ಲಿ ಕೇಳಿದ್ದೇನಲ್ಲ" ಎಂದ ಇದ್ರಿಸ್. ಅವನಿಗೆ ತಂದೆಯ ದನಿ ಬೇಕಿತ್ತು. ನನಗೆ ಆ ಮೇಜು, ಆ ಒದ್ದೆ ಬಟ್ಟೆ ನೆನಪಾಗಿ, ಎಲ್ಲ ಕೆರೆದಾಗಿದೆ ಎಂದೆ. "ಆದ್ರೂ ಹೋಗಿ ನೋಡಿದ್ರ ಏನ ಹೋತದ?" ಎಂದರು ನಮ್ಮವರು.

ಕಂಪನಿ ಆಗಲೇ ಮುಚ್ಚಿತ್ತು, ನಾನು ಬೇರೆ ಕಡೆ ಅದೇ ಕೆಲಸಕ್ಕೆ ಸೇರಿದ್ದೆ. ಲೆನ್ ರಿಟೈರ್ ಆಗಿ ಸ್ಯಾನ್ ಡಿಯಾಗೋದಲ್ಲಿ ಮಗಳ ಮನೆಯ ಹತ್ತಿರ ಇದ್ದ. ಬಿಸಾಡಲು ಹೊರಟ ಡಬ್ಬಿಗಳನ್ನೆಲ್ಲ ತನ್ನ ಗರಾಜಿಗೆ ಸಾಗಿಸಿದ್ದಾನೆ ಎಂದು ಕೇಳಿದ್ದೆ. ನಮ್ಮವರೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ಇದ್ರಿಸ್ ಕಡಲ ಕಡೆ ನೋಡುತ್ತ ಕೂತಿದ್ದ. ಬಾಗಿಲು ತೆರೆದ ಲೆನ್‌ನನ್ನು ಮೊದಲು ನಾನು ಗುರುತೇ ಹಿಡಿಯಲಿಲ್ಲ. ಮನುಷ್ಯ ಅರ್ಧಕ್ಕೆ ಇಳಿದಿದ್ದ. ಎರಡು ಕಿವಿಯೂ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯಬೇಕು. ನಾನು ನಿಧಾನವಾಗಿ ಹೇಳಿದ್ದನ್ನೆಲ್ಲ ತುಟಿ ನೋಡುತ್ತಲೇ ಕೇಳಿಸಿಕೊಂಡ. ಇದ್ರಿಸ್ ಕಡೆ ತಿರುಗಿ, "ನಾನು ಕೆರೆಯದೇ ಬಿಟ್ಟದ್ದು ಏನೂ ಇರಲಿಕ್ಕಿಲ್ಲ, ಮಗ" ಎಂದ. ಮೊದಲ ಸಲ ಅವನ ದನಿ ಸಣ್ಣದಾಗಿತ್ತು.

ಗರಾಜಿನಲ್ಲಿ ಹಳೆಯ ಫಿಲ್ಮಿನ ಹುಳಿ ವಾಸನೆ. ಹುಡುಕಿ ಹುಡುಕಿ ಕೊನೆಗೆ ಅಮೀರರ ಡಬ್ಬಿ ಸಿಕ್ಕಿತು. ಕೈಯಲ್ಲಿ ತಿರುಗಿಸುವ ಹಳೆಯ ಮೆಷಿನ್ನೂ ಒಂದು ಸಣ್ಣ ಸ್ಪೀಕರೂ ಇದ್ದವು. ಮೊದಲ ಸಭೆಯ ಫಿಲ್ಮು ಹಿಡಿದು ನೋಡಿದೆ. ವಕ್ತಾರನ ಕೂಗುಗಳ ನಡುವೆ ಕೆರೆದ ಜಾಗಗಳು ಗಾಜಿನ ಕಿಟಕಿಗಳಂತೆ ಸಾಲಾಗಿ ಇದ್ದವು. ಆಮೇಲೆ ಅಣೆಕಟ್ಟಿನ ಸಭೆ. ಅಲ್ಲೂ ಕಿಟಕಿ, ಕಿಟಕಿ. ವಕ್ತಾರ ಬಯಲಿನ ಮಾತು ಕೂಗುವ ಮುಂಚಿನ ಜಾಗದಲ್ಲಿ ನನ್ನ ಕೈ ನಿಂತಿತು. ಅಲ್ಲಿ ಕಂದು ಲೇಪ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ಲೆನ್ ಕನ್ನಡಕ ಹಾಕಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಆಡಿಸಿದ. "ಇಲ್ಲಿ ನಾನು ಬ್ಲೇಡು ಇಟ್ಟಿಲ್ಲ" ಎಂದ.

ಇದ್ರಿಸ್ ಸ್ಪೀಕರಿಗೆ ಕಿವಿ ಹಚ್ಚಿ ಮಂಡಿಯೂರಿ ಕೂತ. ನಾನು ತಿರುಗಿಸಿದೆ. ಪಾರಿವಾಳಗಳು. ಅಂಗಳದ ಕುದುರೆ ಮೂಗು ಸೀಟಿದ್ದು. ಯಾರದೋ ಉಸಿರು. ಅದರ ಜೊತೆಗೆ ಟಿಕ್, ಟಿಕ್ ಎಂದು ಒಂದು ಸಣ್ಣ ಸದ್ದು. ಆಮೇಲೆ ವಕ್ತಾರ ಗಂಟಲು ಸರಿಮಾಡಿಕೊಂಡು ಕೂಗತೊಡಗಿದ. ಪಿಸುಮಾತು ಇರಲೇ ಇಲ್ಲ.

"ಜಪಮಣಿ" ಎಂದ ಇದ್ರಿಸ್. "ಅಪ್ಪ ಮಣಿ ಎಣಿಸುತ್ತಿದ್ದಾರೆ. ಏನೂ ಹೇಳಿಲ್ಲ."

ಲೆನ್ ಅಲ್ಲಿ ಕೆರೆಯದೇ ಹೋದದ್ದಕ್ಕೆ ಕಾರಣ ಇಷ್ಟೇ: ಪಾರಿವಾಳ, ಕುದುರೆ, ಮಣಿ ಎಲ್ಲ ತೆರೆಯ ಮೇಲೆ ಕಾಣುತ್ತಿದ್ದವು, ಕೆರೆಯಲು ಮಾತೇ ಇರಲಿಲ್ಲ. ದೊರೆ ಒಪ್ಪಿರಲಿಲ್ಲ, ಅದಕ್ಕೆ ಸಾಕ್ಷಿ ನನ್ನ ಕೈಯಲ್ಲಿತ್ತು. ನಾನು ಇದ್ರಿಸ್‌ನ ಬೆನ್ನು ತಟ್ಟಿದೆ. ಅವನು ಏಳಲಿಲ್ಲ. "ಒಪ್ಪಲಿಲ್ಲ, ಸರಿ. ಬೇಡ ಅಂತಲೂ ಅನ್ನಲಿಲ್ಲವಲ್ಲ" ಎಂದ. ಎಷ್ಟೋ ಹೊತ್ತಾದ ಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಂಡ. ನಾನು ಆ ಭಾಗವನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಟ್ಟೆ.

ಅದನ್ನು ತೆಗೆದುಕೊಂಡು ಅವನು ಊರಿಗೆ ಹೋದ. ತಿರುಗಿ ಬಂದ ಮೇಲೆ ನಡೆದದ್ದನ್ನು ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ. ಹಾಡುವ ಮುದುಕ ಕ್ಯಾಸೆಟ್ಟಿಗೆ ಕಿವಿಗೊಟ್ಟು ಮತ್ತೆ ಮತ್ತೆ ಕೇಳಿದನಂತೆ. ಮಣಿಯ ಸದ್ದು ಅವನಿಗೂ ಗುರುತು ಸಿಕ್ಕಿತು, ಕಣ್ಣಲ್ಲಿ ನೀರು ಬಂತು. ಆದರೆ ಸುತ್ತ ಕೂತಿದ್ದ ಹಿರಿಯರು ಕೇಳಿದರು: ಉಳಿದ ಕಡೆಯೆಲ್ಲ ದೊರೆಯ ಮಾತು ಅಳಿಸಿದವರು ಇಲ್ಲಿ ಮಾತ್ರ ಅಳಿಸಿಲ್ಲ ಎಂದು ಹೇಗೆ ನಂಬುವುದು? ಇದ್ರಿಸ್ ಲೇಪದ ವಿಷಯ, ಕಿಟಕಿಯ ವಿಷಯ ಎಲ್ಲ ವಿವರಿಸಿದ. ಅವರಿಗೆ ಅದು ಯಾವುದೋ ಅಮೆರಿಕದ ಜಾದೂವಿನಂತೆ ಕೇಳಿಸಿತು. ನಾವು ಅಷ್ಟು ಶುಚಿಯಾಗಿ ಕೆರೆದಿಟ್ಟಿದ್ದೆವು. ಆ ಮನುಷ್ಯ ಸುಮ್ಮನಿದ್ದದ್ದನ್ನೂ ಯಾರೂ ನಂಬದಂತೆ ಮಾಡಿಟ್ಟಿದ್ದೆವು. ಮುದುಕ ಕೊನೆಗೆ, "ಹೇಳದೇ ಇದ್ದದ್ದನ್ನು ನಾನು ಹೇಗೆ ಹಾಡಲಿ?" ಎಂದನಂತೆ.

"ಹೆಸರು ಸೇರಿಸಲಿಲ್ಲ" ಎಂದ ಇದ್ರಿಸ್. ಆಮೇಲೆ ಜೇಬಿನಿಂದ ಇನ್ನೊಂದು ಕ್ಯಾಸೆಟ್ ತೆಗೆದ. "ಇದು ಈ ಸಲದ ಹಬ್ಬದ ಹಾಡು, ನಾನೇ ರೆಕಾರ್ಡ್ ಮಾಡಿದ್ದು. ಕೇಳಿ."

ಮುದುಕನ ದನಿ ಒಂದೊಂದೇ ದೊರೆಯ ಹೆಸರು ಹೇಳುತ್ತ ಬಂತು. ಅಜ್ಜನ ಹೆಸರಾಯಿತು. ಅಲ್ಲಿ ನಿಂತಿತು. ಒಂದು ಉಸಿರಿನ ನಿಲುಗಡೆಯಲ್ಲ ಅದು. ನಗಾರಿಗಳೂ ನಿಂತವು. ಕುದುರೆಗಳು ಕಾಲು ಬದಲಾಯಿಸಿದ್ದು ಕೇಳಿತು, ಗೆಜ್ಜೆ ಅಲುಗಿದ್ದು, ಅಷ್ಟು ಜನರ ಉಸಿರು, ಮೇಲೆ ಪಾರಿವಾಳ. ಹೆಸರು ಹೇಳಲು ಬೇಕಾಗುವಷ್ಟು ಹೊತ್ತು, ಬಿರುದು ಹೇಳಲು ಬೇಕಾಗುವಷ್ಟು ಹೊತ್ತು, ಆ ಮುದುಕ ಸುಮ್ಮನೆ ನಿಂತಿದ್ದ. ಆಮೇಲೆ ತಮ್ಮನ ಹೆಸರು ಬಂತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಮ್ಮವರು ಎದ್ದು ಹಿತ್ತಲಿಗೆ ಹೋದರು.

ಇದ್ರಿಸ್ ಅಲ್ಲಿಂದ ಹೊರಡುವ ಮುಂಚೆಯೇ ಮುದುಕ ತೀರಿಕೊಂಡಿದ್ದ. ಈಗ ಹಾಡುವ ಅವನ ಅಣ್ಣನ ಮಗ ಅಜ್ಜನ ಹೆಸರಿಂದ ತಮ್ಮನ ಹೆಸರಿಗೆ ಉಸಿರೂ ಎಳೆಯದೆ ಓಡುತ್ತಾನಂತೆ. ಹಾಗಾಗಿ ಆ ನಿಲುಗಡೆ ಇದ್ದದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ. "ನನ್ನ ಹತ್ತಿರ ಇಟ್ಟುಕೊಂಡರೆ ದಿನಾ ಹಾಕಿ ಹಾಕಿ ಸವೆಸಿಬಿಡುತ್ತೇನೆ. ನೀವು ಇಟ್ಟುಕೊಳ್ಳಿ, ಬಂದಾಗ ಕೇಳುತ್ತೇನೆ" ಎಂದು ಇದ್ರಿಸ್ ನನ್ನ ಕೈಗೆ ಕೊಟ್ಟ. ಪ್ರತಿ ಸಲವೂ ಊಟ ಮುಗಿದ ಮೇಲೆ ಕೇಳಿಕೊಂಡೇ ಸ್ಯಾನ್ ಡಿಯಾಗೋಗೆ ಹೊರಡುತ್ತಿದ್ದ.

ಹೋದ ತಿಂಗಳು ಆ ಕ್ಯಾಸೆಟ್ಟಿನಲ್ಲಿ ಸುಯ್ ಎನ್ನುವ ಸದ್ದು ಜಾಸ್ತಿಯಾದಂತೆ ಕಂಡಿತು. ಅದು ಟೇಪಿನದೋ ನನ್ನ ಕಿವಿಯದೋ ನನಗೇ ತಿಳಿಯಲಿಲ್ಲ. ಅನಿತಾ ಮನೆಗೆ ಬಂದಿದ್ದಳು. ಸ್ಟುಡಿಯೊದಲ್ಲಿ ಒಳ್ಳೆಯ ಮೆಷಿನ್ನುಗಳಿವೆ ಆಂಟಿ, ನಾನು ಸರಿಮಾಡಿ ತರ್ತೀನಿ ಎಂದಳು. ಕೊಟ್ಟೆ. ಮರುವಾರವೇ ತಂದಳು, ಮುಖದಲ್ಲಿ ನಗು ತುಂಬಿಕೊಂಡು. ಹಾಕಿ ಕೇಳಿದೆ. ಸುಯ್ ಇರಲಿಲ್ಲ, ಮುದುಕನ ದನಿ ತೊಳೆದಿಟ್ಟಂತೆ ಬಂತು. ಅಜ್ಜನ ಹೆಸರು ಬಂತು. ಅದರ ಹಿಂದೆಯೇ ತಮ್ಮನ ಹೆಸರು.

"ನಡುವೆ ಒಂದು ದೊಡ್ಡ ಡೆಡ್ ಗ್ಯಾಪ್ ಇತ್ತು ಆಂಟಿ," ಎಂದಳು, "ಐ ಟೈಟೆಂಡ್ ಇಟ್ ಅಪ್. ಈಗ ಎಷ್ಟ್ ಸ್ಮೂತ್ ಆಗಿದೆ ನೋಡಿ."

"ಬೇರೆ ಕ್ಯಾಸೆಟ್ಟಿಗೆ ಮಾಡಿದೆಯಾ?"

"ನೋ, ನಿಮ್ದೇ ಕ್ಯಾಸೆಟ್ ಮೇಲೇನೇ ವಾಪಸ್ ರೆಕಾರ್ಡ್ ಮಾಡ್ದೆ."

"ಕತ್ತರಿಸಿದ ತುಂಡು?"

"ಟ್ರ್ಯಾಶ್‌ಗೆ ಹಾಕ್ದೆ. ಅದ್ರಲ್ಲಿ ಏನೂ ಇರ್ಲಿಲ್ಲ ಆಂಟಿ, ಇಟ್ ವಾಸ್ ಜಸ್ಟ್ ಏರ್."

ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ. ಬಾಯಿಗೆ ಒಂದು ಬೈಗುಳವೂ ಬರಲಿಲ್ಲ. ಅವಳು ಮಾಡಿದ್ದು ನಾವೆಲ್ಲ ಮಾಡುತ್ತ ಬಂದ ಕೆಲಸವನ್ನೇ, ನಮಗಿಂತ ಅಚ್ಚುಕಟ್ಟಾಗಿ. ಅನಿತಾ, ನಾಲ್ಕು ಮಾತು ಕೇಳಿದ್ದರು ನಿನ್ನಮ್ಮ. ನನ್ನ ಹತ್ತಿರ ಒಂದೇ ಇದೆ. ಕತ್ತರಿಸುವ ಮುಂಚೆ ಅಲ್ಲಿ ಯಾರು ಸುಮ್ಮನಿದ್ದಾರೆ ಅಂತ ಕೇಳು.

ಈ ಭಾನುವಾರ ಇದ್ರಿಸ್ ಊಟಕ್ಕೆ ಬರುತ್ತಾನೆ. ಅವನಿಗೆ ಇನ್ನೂ ಹೇಳಿಲ್ಲ. ಜೋಳದ ಹಿಟ್ಟು ಜರಡಿ ಹಿಡಿದಿಟ್ಟಿದ್ದೇನೆ. ರೊಟ್ಟಿ ಮುಗಿದ ಮೇಲೆ ಅವನು ಕೈ ತೊಳೆದು ಬಂದು, ಎಂದಿನಂತೆ ಆ ಕುರ್ಚಿಯಲ್ಲಿ ಕೂತು, ಹಾಕಿ ಎನ್ನುತ್ತಾನೆ.